ಸಾಹೇಬರ ಚೆಂಡು ಬಾಗಿದ ಬಗೆ

ನಮ್ಮ ಬುಗುರಿ ಸಾಹೇಬರ ಚೆಂಡು ಗಾಳಿಯಲ್ಲಿ ಬಾಗುತ್ತದೆ ಎಂದು ಆಣೆ ಇಟ್ಟು ಹೇಳುವವರು ನಮ್ಮ ಕಚೇರಿಯ ತುಂಬ ಇದ್ದಾರೆ. ಅವರಲ್ಲಿ ಒಬ್ಬರಾದರೂ ಅದು ಬಾಗಿದ್ದನ್ನು ಕಂಡವರಲ್ಲ. ಕಾಣಬೇಕಾದರೆ ಅದು ಬಾಗಬೇಕಿತ್ತಲ್ಲ.

ನಮ್ಮದು ಅಳತೆ ಮತ್ತು ತೂಕದ ಕಚೇರಿ. ಅಂಗಡಿಯವರ ತಕ್ಕಡಿ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ಪರೀಕ್ಷೆ ಮಾಡಿ, ಸರಿಯಿದ್ದರೆ ಒಪ್ಪಿಗೆಯ ಮುದ್ರೆ, ಇಲ್ಲದಿದ್ದರೆ ‘ತಿರಸ್ಕೃತ’ ಎಂಬ ಮುದ್ರೆ ಒತ್ತುವುದು ನಮ್ಮ ಕೆಲಸ. ತೂಕದ ಬಟ್ಟಿನ ಅಂಚು ಕೂದಲೆಳೆಯಷ್ಟು ಸವೆದಿದ್ದರೂ ನಮ್ಮವರ ಕಣ್ಣಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಇಂಥ ಕಚೇರಿಯ ಎರಡನೇ ಮಹಡಿಯಲ್ಲಿ ಮುರುಕಲು ತಕ್ಕಡಿಗಳನ್ನು ಪೇರಿಸಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ನಮ್ಮ ಮುಖ್ಯಸ್ಥರು ಟೇಬಲ್ ಟೆನಿಸ್ ಮೇಜು ಹಾಕಿಸಿದರು. ಅವರಿಗೆ ಬುಗುರಿ ಸಾಹೇಬರು ಎಂದು ಹೆಸರು ಬಿದ್ದದ್ದು ಆಮೇಲೆ. ಮುದ್ರೆ ವಿಭಾಗದ ನನ್ನ ಮೇಜು ಆ ಕೋಣೆಯ ಬಾಗಿಲಿಗೆ ಅಂಟಿಕೊಂಡಿತ್ತು, ನನ್ನ ಗಂಟಲು ಹುಟ್ಟಿದಾಗಿನಿಂದಲೂ ದೊಡ್ಡದು. ಈ ಎರಡು ಅರ್ಹತೆಗಳ ಮೇಲೆ ನನ್ನನ್ನು ಅಂಕ ಕೂಗುವವಳನ್ನಾಗಿ ಮಾಡಿದರು.

ಊಟದ ವಿರಾಮವಾಯಿತೆಂದರೆ ಸಾಹೇಬರು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ತೂಗುಹಾಕಿ, ಮೊದಲು ಪಾಠ ಮಾಡುತ್ತಿದ್ದರು.

“ಚೆಂಡು ತಿರುಗ್ತಾ ಹೋಗುತ್ತಲ್ಲ, ಅದು ತನ್ನ ಸುತ್ತಲಿನ ಗಾಳೀನೂ ಜೊತೆಗೆ ಎಳ್ಕೊಂಡು ತಿರುಗಿಸುತ್ತೆ. ಒಂದು ಪಕ್ಕದಲ್ಲಿ ಆ ಗಾಳಿಗೂ ಎದುರಿಂದ ಬರೋ ಗಾಳಿಗೂ ಜಗಳ, ಅಲ್ಲಿ ನಿಧಾನ. ಇನ್ನೊಂದು ಪಕ್ಕದಲ್ಲಿ ಎರಡೂ ಒಂದೇ ದಿಕ್ಕಿಗೆ, ಅಲ್ಲಿ ಜೋರು. ನಿಧಾನ ಇರೋ ಕಡೆ ಒತ್ತಡ ಜಾಸ್ತಿ, ಅದು ಚೆಂಡನ್ನ ಜೋರು ಇರೋ ಕಡೆಗೆ ತಳ್ಳುತ್ತೆ. ಫುಟ್‌ಬಾಲಿನವರು ಅಡ್ಡ ನಿಂತವರನ್ನ ಬಳಸ್ಕೊಂಡು ಗೋಲು ಹೊಡೆಯೋದು ಹಾಗೇ. ಗಾಲ್ಫ್ ಚೆಂಡು ಹಿಂದಕ್ಕೆ ತಿರುಗ್ತಾ ತಿರುಗ್ತಾ ಮೇಲೇ ತೇಲೋದು ಹಾಗೇ. ಎಲ್ಲಾ ಇಲ್ಲಿದೆ,” ಎಂದು ತಮ್ಮ ಮಣಿಕಟ್ಟನ್ನು ಎತ್ತಿ ತೋರಿಸುತ್ತಿದ್ದರು.

ಪಾಠದಲ್ಲಿ ತಪ್ಪಿರಲಿಲ್ಲ, ಅದನ್ನು ಒಪ್ಪಬೇಕು. ತಪ್ಪಿದ್ದದ್ದು ಮಣಿಕಟ್ಟಿನಲ್ಲಿ. ಅವರ ಬ್ಯಾಟು ಕಾಲೇಜಿನ ಕಾಲದ್ದು. ಅದರ ರಬ್ಬರು ಒಣಗಿ, ಗಟ್ಟಿಯಾಗಿ, ಸವೆದ ಟೈರಿನಷ್ಟು ನುಣ್ಣಗಾಗಿತ್ತು. ಅದರ ಮೇಲೆ ಚೆಂಡಿಗೆ ಹಿಡಿತವೇ ಸಿಗುತ್ತಿರಲಿಲ್ಲ. ಸಾಹೇಬರು ಮೊಣಕಾಲು ಬಗ್ಗಿಸಿ, ತುಟಿ ಕಚ್ಚಿ, ಗಾಳಿಯಲ್ಲಿ ದೊಡ್ಡದೊಂದು ಸೊನ್ನೆ ಬರೆದು ಹೊಡೆಯುತ್ತಿದ್ದರು. ಚೆಂಡು ಮಾತ್ರ ಸ್ಕೇಲು ಇಟ್ಟು ಗೀಟು ಎಳೆದ ಹಾಗೆ ನೇರವಾಗಿ, ಸಾಧುವಾಗಿ ಬರುತ್ತಿತ್ತು. ಬಂದ ಮೇಲೆ ಸಾಹೇಬರು ಅದು ಯಾವ ಜಾತಿಯ ಚೆಂಡು ಎಂದು ಘೋಷಿಸುತ್ತಿದ್ದರು. “ಟಾಪ್!” ಎನ್ನುತ್ತಿದ್ದರು, ಇಲ್ಲವೇ “ಅಂಡರ್!”, “ಸೈಡ್!” ಮುಂದಕ್ಕೆ ತಿರುಗುವುದು ಟಾಪ್, ಹಿಂದಕ್ಕೆ ತಿರುಗುವುದು ಅಂಡರ್, ಪಕ್ಕಕ್ಕೆ ತಿರುಗುವುದು ಸೈಡ್.

ಮೊದಮೊದಲು ನಮ್ಮವರು ತಮಗೆ ತೋಚಿದಂತೆ ಸೋಲುತ್ತಿದ್ದರು. ಮುಖ್ಯಸ್ಥರ ಮುಂದೆ ಸೋಲುವುದು ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ ಅಂದುಕೊಂಡಿದ್ದೆವು. ಒಂದು ದಿನ ಸಾಹೇಬರು “ಅಂಡರ್!” ಎಂದರು. ಎದುರಿಗಿದ್ದ ಸ್ಟೋರ್‌ಕೀಪರು ಪೂರ್ತಿ ಭಕ್ತಿಯಿಂದ ಚೆಂಡನ್ನು ಸೂರಿಗೆ ಹೊಡೆದರು. ಸಾಹೇಬರು ಬ್ಯಾಟು ಕೆಳಗಿಟ್ಟರು.

“ಅಂಡರ್ ಸ್ಪಿನ್ ಚೆಂಡು ಮೇಲಕ್ಕೆ ಹೇಗ್ರೀ ಹೋಗುತ್ತೆ? ಅದು ನೆಟ್ಟಿಗೆ ಹೋಗ್ಬೇಕು. ನೀವು ಬೇಕಂತ ಸೋಲ್ತಿದ್ದೀರಾ?”

ಸ್ಟೋರ್‌ಕೀಪರ ಮುಖ ಬಿಳಿಚಿಕೊಂಡಿತು. ಅವರ ಮಗಳ ಮದುವೆಗೆ ಕೇಳಿದ್ದ ರಜೆಯ ಅರ್ಜಿ ಸಾಹೇಬರ ಮೇಜಿನ ಮೇಲೆ ಅಲ್ಲಾಡದೆ ಮಲಗಿತು. ಅಂದಿನಿಂದ ಇಡೀ ಕಚೇರಿ ವಿಜ್ಞಾನಕ್ಕೆ ಬಿತ್ತು. ಟಾಪ್ ಎಂದರೆ ಚೆಂಡು ನಮ್ಮ ಬ್ಯಾಟಿನಿಂದ ಮೇಲಕ್ಕೆ ಚಿಮ್ಮಿ ಮೇಜು ದಾಟಬೇಕು. ಅಂಡರ್ ಎಂದರೆ ನೆಟ್ಟಿಗೆ ಬೀಳಬೇಕು. ಸೈಡ್ ಎಂದರೆ ಸಾಹೇಬರ ಬ್ಯಾಟು ಯಾವ ಕಡೆ ಸರಿಯಿತೋ ಆ ಕಡೆಗೇ ಸಿಡಿದು ಹೋಗಬೇಕು. ವರಾಂಡದಲ್ಲಿ ಜನ ಫೈಲು ಹಿಡಿದುಕೊಂಡು ಅಭ್ಯಾಸ ಮಾಡುತ್ತಿದ್ದರು. ಸ್ಟೋರ್‌ಕೀಪರಂತೂ ನೆಟ್ಟಿಗೆ ಹೊಡೆಯುವುದರಲ್ಲಿ ಎತ್ತಿದ ಕೈ ಆಗಿಬಿಟ್ಟರು. ಗೆಲ್ಲುವುದಕ್ಕೆ ಇಷ್ಟು ಬೆವರು ಸುರಿಸಿದ್ದರೆ ನಮ್ಮ ಕಚೇರಿಯಿಂದ ಒಂದು ದೇಶದ ತಂಡವೇ ಹೊರಡಬಹುದಿತ್ತು.

ಇಂಥ ಹೊತ್ತಿನಲ್ಲಿ ನನ್ನ ತಮ್ಮ ನಮ್ಮ ಕಚೇರಿಗೆ ಸೇರಿದ. ಕ್ರೀಡಾ ಕೋಟಾ, ತಾತ್ಕಾಲಿಕ ಕೆಲಸ. ಆಟಗಾರ ಎಂದರೆ ನಿಜವಾದ ಆಟಗಾರ. ಹೈಸ್ಕೂಲಿನ ಕಾಲದಿಂದಲೂ ಸಂಜೆ ಟೇಬಲ್ ಟೆನಿಸ್ ಕ್ಲಬ್ಬಿಗೆ ಹೋಗಿ, ಅಂಗಿ ಹಿಂಡುವಷ್ಟು ಬೆವರಿ, ಮನೆಗೆ ಬಂದು ಪಾತ್ರೆ ಬರಿದು ಮಾಡುತ್ತಿದ್ದವನು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವನು, ಅಮ್ಮ ಮೂವರೇ. ಅವನು ಕೆಲಸಕ್ಕೆ ಸೇರಿದ ದಿನದಿಂದ ಅಮ್ಮನಿಗೆ ಒಂದೇ ಜಪ: ಖಾಯಂ ಯಾವಾಗ? ಖಾಯಂ ಮಾಡಬೇಕಾದವರು ಬುಗುರಿ ಸಾಹೇಬರು. ಅವರ ಶಿಫಾರಸಿಲ್ಲದಿದ್ದರೆ ವರ್ಷದ ಕೊನೆಗೆ ಅವನು ಮನೆಗೆ.

ಅವನಿಗೆ ಏನೂ ಹೇಳಿಕೊಡದೆ ಕೋಣೆಯೊಳಗೆ ಬಿಟ್ಟದ್ದೇ ಎಡವಟ್ಟಾಯಿತು. ಮೊದಲ ದಿನ ಸಾಹೇಬರು ಸೊನ್ನೆ ಬರೆದು, ಚೆಂಡು ಬಿಟ್ಟು, “ಸೈಡ್!” ಎಂದು ಬಾಯಿ ಮುಚ್ಚುವ ಮೊದಲೇ ಆ ಚೆಂಡು ಅವರ ಕಿವಿಯ ಪಕ್ಕದಲ್ಲಿ ಹಾದು, ಹಿಂದಿನ ಕಪಾಟಿನ ಹಿತ್ತಾಳೆ ಅಳತೆಪಾತ್ರೆಗೆ ಬಡಿದು ಠಣ್ ಎಂದಿತು.

“ಅದೃಷ್ಟ ಚೆನ್ನಾಗಿದೆ,” ಎಂದರು ಸಾಹೇಬರು.

ಅವನ ಅದೃಷ್ಟ ಇನ್ನೂ ಹತ್ತು ಸಲ ಚೆನ್ನಾಗಿಯೇ ಇತ್ತು. ನಾನು ಕಣ್ಣು ಕೆಂಪಗೆ ಮಾಡಿ ನೋಡಿದೆ, ಕೆಮ್ಮಿದೆ, ಕಾಲಿನಿಂದ ನೆಲ ಒದ್ದೆ. ಆ ದಡ್ಡ ನನ್ನತ್ತ ತಿರುಗಿ, ನಾನು ಹುರಿದುಂಬಿಸುತ್ತಿದ್ದೇನೆಂದು ತಿಳಿದು ನಕ್ಕ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅವನಿಗೆ ಪಾಠ ಶುರು ಮಾಡಿದೆ. ನನ್ನ ಕೈಯಲ್ಲಿ ಊಟದ ತಟ್ಟೆ, ಅವನ ಕೈಯಲ್ಲಿ ಸೌಟು.

“ಅಕ್ಕ, ಅವರ ಚೆಂಡು ತಿರುಗೋದೇ ಇಲ್ಲ,” ಎಂದ. “ಬರ್ತಾ ಇರೋವಾಗ ಅದರ ಮೇಲಿನ ಕಂಪನಿ ಹೆಸರು ಓದಬಹುದು. ತಿರುಗೋ ಚೆಂಡಿನ ಮೇಲೆ ಅಕ್ಷರ ಕಾಣುತ್ತಾ?”

“ಓದ್ಕೊಂಡು ಸುಮ್ನಿರು. ಅವರು ಟಾಪ್ ಅಂದ್ರೆ ಏನ್ಮಾಡ್ತೀಯ?”

“ತಿರುಗಿಸಿ ಹೊಡೀತೀನಿ.”

“ಕಪಾಳಕ್ಕೆ ಹೊಡೀತೀನಿ ನಾನು. ಮೇಲಕ್ಕೆ ಹಾರಿಸಿ ಮೇಜು ದಾಟಿಸ್ಬೇಕು.”

“ಚೆಂಡಿನಲ್ಲಿ ಟಾಪ್ ಇಲ್ವಲ್ಲ ಅಕ್ಕ! ಅದು ಹ್ಯಾಗೆ ತಾನಾಗಿ ಮೇಲಕ್ಕೆ ಹೋಗುತ್ತೆ?”

“ತಾನಾಗಿ ಹೋಗದಿದ್ರೆ ನೀನು ಕಳಿಸು. ಅದಕ್ಕೇ ತಾನೆ ನಿಂಗೆ ಸಂಬಳ?”

ಅಮ್ಮ ಒಲೆಯ ಮುಂದಿನಿಂದ ತಿರುಗಿ, “ಅಕ್ಕ ಹೇಳಿದ ಹಾಗೆ ಕೇಳೋ, ಖಾಯಂ ಆಗೋವರೆಗಾದ್ರೂ,” ಎಂದರು. ಅವನು ತಲೆ ತಗ್ಗಿಸಿ ಸೌಟು ಎತ್ತಿದ.

ಅವನ ಕೈಗೆ ವಿದ್ಯೆ ಬೇಗ ಹತ್ತುತ್ತದೆ. ಒಂದು ತಿಂಗಳಲ್ಲಿ ಅವನಷ್ಟು ಸೊಗಸಾಗಿ ಸೋಲುವವರು ಕಚೇರಿಯಲ್ಲೇ ಇರಲಿಲ್ಲ. ಉಳಿದವರು ಸುಮ್ಮನೆ ತಪ್ಪಿಸುತ್ತಿದ್ದರು. ಇವನು ಚೆಂಡಿಗಾಗಿ ಹಾರುತ್ತಿದ್ದ, ಹಲ್ಲು ಕಡಿಯುತ್ತಿದ್ದ, ಮೇಜಿನ ಅಂಚಿಗಿಂತ ನಾಲ್ಕೇ ಬೆರಳು ಆಚೆ ಕಳಿಸಿ “ಛೇ, ಎಂಥಾ ಸ್ಪಿನ್ನು!” ಎಂದು ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದ. ಸಾಹೇಬರು ಅವನ ಮೇಲೆ ಪ್ರಾಣವನ್ನೇ ಇಟ್ಟರು. “ಹುಡುಗ ಪರವಾಗಿಲ್ಲ, ನನ್ನ ಚೆಂಡನ್ನ ಅರ್ಥ ಮಾಡ್ಕೊಂಡಿದಾನೆ,” ಎಂದು ಎಲ್ಲರೆದುರು ಬೆನ್ನು ತಟ್ಟಿದರು. ನಾನು ದಿನವೂ ಗಂಟಲು ಹರಿಯುವಂತೆ ಅಂಕ ಕೂಗುತ್ತಿದ್ದೆ. ನನಗೆ ಹೊಟ್ಟೆ ತಣ್ಣಗಿತ್ತು. ಕೆಲಸ ಉಳಿದರೆ ಸಾಕು, ಚೆಂಡು ಯಾವ ದಿಕ್ಕಿಗೆ ಹಾಳಾಗಿ ಹೋದರೆ ನಮಗೇನು?

ಸಂಜೆ ಕ್ಲಬ್ಬಿನಿಂದ ಅವನು ಬೇಗ ಬರತೊಡಗಿದ್ದನ್ನು ನಾನು ಗಮನಿಸಿದ್ದು ತಡವಾಗಿ. ಆಮೇಲೆ ಹೋಗುವುದನ್ನೇ ಬಿಟ್ಟ. ಒಂದು ದಿನ ತಲೆನೋವು, ಒಂದು ದಿನ ಶೂ ಕಿತ್ತುಹೋಗಿದೆ. ಗದರಿಸಿ ಕೇಳಿದ ಮೇಲೆ, “ಕೋಚು ಕೇಳಿದ್ರು, ಕೈಗೆ ಏನಾಗಿದೆ ನಿಂಗೆ ಅಂತ,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಖಾಯಂ ಆದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಸಾಹೇಬರು ಮುಖ್ಯಸ್ಥರಾಗಿ ಐದು ವರ್ಷ ತುಂಬಿತು. ಏನಾದರೂ ಕಾಣಿಕೆ ಕೊಡಬೇಕಲ್ಲ. ಬೆಣ್ಣೆ ಹಚ್ಚುವ ಕೆಲಸ ಬಂದಾಗ ನಮ್ಮ ಸ್ಟೋರ್‌ಕೀಪರು ಯಾರಿಗೂ ಜಾಗ ಬಿಡುವವರಲ್ಲ. “ಒಂದು ಒಳ್ಳೇ ಬ್ಯಾಟ್ ಕೊಡೋಣ,” ಎಂದರು. ಆರಿಸುವ ಕೆಲಸ ತಮ್ಮನ ಪಾಲಿಗೆ ಬಂತು. ಅವನು ತುಂಬ ದಿನಗಳ ಮೇಲೆ ಕಣ್ಣರಳಿಸಿದ್ದು ಆಗಲೇ. ಅಂಗಡಿ ಅಂಗಡಿ ಸುತ್ತಿ, ರಬ್ಬರನ್ನು ಬೆರಳಿನಿಂದ ಒತ್ತಿ, ಕೆನ್ನೆಗೆ ತಾಗಿಸಿ ನೋಡಿ ಒಂದು ಬ್ಯಾಟು ತಂದ. ಅದರ ರಬ್ಬರು ಎಷ್ಟು ಅಂಟಂಟಾಗಿತ್ತೆಂದರೆ, ಬ್ಯಾಟನ್ನು ಬೋರಲು ಹಿಡಿದರೂ ಚೆಂಡು ಒಂದು ಕ್ಷಣ ಕಚ್ಚಿಕೊಂಡಿರುತ್ತಿತ್ತು. “ಇದಕ್ಕಿಂತ ಒಳ್ಳೇದು ಸಿಗಲ್ಲ ಅಕ್ಕ,” ಎಂದ. ಸೋಲುವುದನ್ನು ಅಷ್ಟು ಕಲಿತವನಿಗೆ ಒಳ್ಳೆಯದನ್ನು ತರಬಾರದು ಎಂಬ ಸಣ್ಣ ಬುದ್ಧಿ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಮರುದಿನ ಇಡೀ ಕಚೇರಿ ಕೋಣೆಯಲ್ಲಿ ನೆರೆದಿತ್ತು. ಸಾಹೇಬರು ಹೊಸ ಬ್ಯಾಟು ಹಿಡಿದರು. ಎದುರಿಗೆ ಮೊದಲ ಸೋಲಿನ ಗೌರವಕ್ಕೆ ಸ್ಟೋರ್‌ಕೀಪರು. ಸಾಹೇಬರು ಸೊನ್ನೆ ಬರೆದು ಹೊಡೆದು “ಅಂಡರ್!” ಎಂದರು. ಸ್ಟೋರ್‌ಕೀಪರು ಅಭ್ಯಾಸಬಲದಿಂದ ಬ್ಯಾಟು ಕೆಳಕ್ಕೆ ಬಗ್ಗಿಸಿ ನೆಟ್ಟಿನ ನಡುಮಧ್ಯಕ್ಕೆ ಗುರಿ ಇಟ್ಟರು. ಆದರೆ ಸಾಹೇಬರ ಮಣಿಕಟ್ಟು ತಾನು ಏನು ಮಾಡುತ್ತಿದೆಯೆಂದು ಯಾವತ್ತೂ ತಿಳಿದುಕೊಂಡದ್ದಲ್ಲ. ಆ ಅಂಟು ರಬ್ಬರು ಅದು ಹೇಳಿದ್ದನ್ನೆಲ್ಲ ಮೊದಲ ಸಲ ಕೇಳಿತು. ಚೆಂಡಿನಲ್ಲಿ ಇದ್ದದ್ದು ಟಾಪ್. ಅದು ಸ್ಟೋರ್‌ಕೀಪರ ಬ್ಯಾಟಿನಿಂದ ಚಿಮ್ಮಿ, ನೆಟ್ಟನ್ನು ಸವರಿಕೊಂಡು ದಾಟಿ, ಸಾಹೇಬರ ಕಡೆಯ ಮೇಜಿನ ಅಂಚಿನಲ್ಲಿ ಮುದ್ದಾಗಿ ಕೂತು ಆಚೆ ಹೋಯಿತು.

ಸ್ಟೋರ್‌ಕೀಪರು ಗೆದ್ದಿದ್ದರು. ಅವರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

“ಕ್ಷಮಿಸಿ ಸರ್, ಗೆದ್ಬಿಟ್ಟೆ,” ಎಂದರು.

ಎರಡನೆಯದು “ಸೈಡ್!” ಅವರು ಪ್ರಾಣ ಬಿಟ್ಟು ಎಡಕ್ಕೆ ಕಳಿಸಿದರು. ಚೆಂಡಿನೊಳಗಿದ್ದ ಬೇರೆ ಯಾವುದೋ ತಿರುವು ಅದನ್ನು ಬಲಕ್ಕೆ ತಂದು ಮೇಜಿನ ಮೇಲೇ ಇಳಿಸಿತು. ಸಾಹೇಬರು ಅದನ್ನು ತಿರುಗಿ ಹೊಡೆದರೆ ಅದು ಫ್ಯಾನಿಗೆ ಬಡಿದು, ಗಿರ್ರನೆ ಕೆಳಗೆ ಬಂದು, ಲೆಕ್ಕದ ವಿಭಾಗದವರ ಟೀ ಲೋಟಕ್ಕೆ ಬಿತ್ತು. ಬದಲಿಗೆ ಬಂದ ಪ್ರತಿಯೊಬ್ಬರೂ ತಾವು ಕಲಿತ ವಿಜ್ಞಾನದ ಪ್ರಕಾರ ಮರ್ಯಾದೆಯಾಗಿ ತಪ್ಪಿಸಲು ಹೋದರು, ಪ್ರತಿಯೊಬ್ಬರೂ ಗೆದ್ದರು. ಗೆದ್ದವರು ಅಪರಾಧಿಗಳ ಹಾಗೆ ಗೋಡೆಗೆ ಒತ್ತಿಕೊಂಡು ನಿಂತರು. ನನಗೆ ನಗು ಉಕ್ಕಿಬಂದು ಸೆರಗು ಬಾಯಿಗೆ ತುರುಕಿಕೊಂಡೆ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

“ಈ ಬ್ಯಾಟಲ್ಲಿ ಸ್ಪಿನ್ನೇ ಬರ್ತಿಲ್ಲ,” ಎಂದರು ಸಾಹೇಬರು. “ದೋಷ ಇದೆ. ಯಾರು ಆರಿಸಿದ್ದು?”

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಸ್ಟೋರ್‌ಕೀಪರು ಕಣ್ಣು ಸಾಲದೆಂದು ಬೆರಳನ್ನೂ ಚಾಚಿದರು.

ಸಾಹೇಬರು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಒಳ್ಳೇ ಬ್ಯಾಟು ಯಾವುದು ಅಂತ್ಲೇ ಗೊತ್ತಿಲ್ಲದವರು ಕ್ರೀಡಾ ಕೋಟಾದಲ್ಲಿ ಹೇಗೆ ಬಂದ್ರೋ. ನಿಮ್ಮ ಖಾಯಂ ವಿಷಯ ನಾನು ಇನ್ನೊಂದು ಸಲ ಯೋಚ್ನೆ ಮಾಡ್ಬೇಕಾಗುತ್ತೆ.”

ತಮ್ಮನ ಕಿವಿ ಕೆಂಪಾಯಿತು. ಅವನನ್ನು ಹಾಗೆ ಹೊಗಳಿ ಅಟ್ಟಕ್ಕೇರಿಸಿದವರೇ ಹೀಗೆ ಆಡಿದ್ದಕ್ಕಲ್ಲ, ಬ್ಯಾಟಿಗೆ ದೋಷ ಅಂದದ್ದಕ್ಕೆ. ಅವನನ್ನು ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತು.

“ಒಂದೇ ಒಂದು ಚೆಂಡು, ಸರ್,” ಎಂದು ಹೊಸ ಬ್ಯಾಟು ತೆಗೆದುಕೊಂಡು, ತನ್ನ ಬ್ಯಾಟನ್ನು ಅವರ ಕೈಗಿಟ್ಟು ಎದುರಿಗೆ ಹೋಗಿ ನಿಂತ.

ನಾನು ಅವನ ಎಡಕ್ಕೆ, ನೆಟ್ಟಿನ ಪಕ್ಕದಲ್ಲಿ ನಿಂತಿದ್ದೆ. ಅವನು ಚೆಂಡು ಚಿಮ್ಮಿಸಿದ, ಕೈ ಎಡಕ್ಕೆ ಸರಕ್ಕನೆ ಹೋಯಿತು. ಚೆಂಡು ಮೇಜು ಬಿಟ್ಟು ನನ್ನ ಕಡೆಗೇ ಬರುತ್ತಿದೆ ಎಂದು ನಾನು ಹಿಂದೆ ಸರಿದೆ. ಅಷ್ಟರಲ್ಲಿ ಅದು ಗಾಳಿಯಲ್ಲಿ ಮನಸ್ಸು ಬದಲಿಸಿತು. ಬಲಕ್ಕೆ ಬಾಗಿ ಬಾಗಿ ಬಂದು ಸಾಹೇಬರ ಮುಂದೆ ಇಳಿಯಿತು. ಅವರು ಬ್ಯಾಟು ಅಡ್ಡ ಇಟ್ಟರು. ಚೆಂಡು ಅದಕ್ಕೆ ತಾಗಿದ್ದೇ ಪಕ್ಕಕ್ಕೆ ಸಿಡಿದು ನನ್ನ ಕಾಲಿನ ಹತ್ತಿರ ಬಂದು ಬಿತ್ತು.

ಇಷ್ಟು ವರ್ಷ ಆ ಕೋಣೆಯಲ್ಲಿ ಅಂಕ ಕೂಗಿದವಳು ನಾನು. ಒಂದು ಚೆಂಡು ಬಾಗುವುದನ್ನು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಇದನ್ನು ಮಾಡಬಲ್ಲ ಕೈಗೆ ನಾನು ಸೌಟು ಕೊಟ್ಟು ತಪ್ಪಿಸುವುದನ್ನು ಕಲಿಸಿದೆನಲ್ಲ. ಯೋಚಿಸುವುದರೊಳಗೆ ಗಂಟಲು ಕೂಗಿಬಿಟ್ಟಿತ್ತು.

“ಒಂದು, ಸೊನ್ನೆ! ಬ್ಯಾಟು ಸರಿಯಾಗಿದೆ ಸರ್. ಸ್ಪಿನ್ ಅಂದ್ರೆ ಇದು! ಎಲ್ಲರೂ ನೋಡಿದ್ರಲ್ಲ!”

ಎಲ್ಲರೂ ತಮ್ಮ ತಮ್ಮ ಪಾದಗಳನ್ನು ನೋಡುತ್ತಿದ್ದರು. ಸಾಹೇಬರಿಗೆ ಸಿಟ್ಟು ಬರಲಿಲ್ಲ, ಅದೇ ಭಯ ಹುಟ್ಟಿಸಿತು. ಅವರು ತಮ್ಮನ ಹೆಗಲ ಮೇಲೆ ಕೈ ಹಾಕಿದರು.

“ನಿಮ್ಮ ಅಕ್ಕನಿಗೆ ಆಟ ಗೊತ್ತಿಲ್ಲ. ನೀವು ಆಟಗಾರರು, ನೀವೇ ಹೇಳಿ. ಇದು ಸ್ಪಿನ್ನಾ, ಬ್ಯಾಟಿನ ದೋಷಾನಾ?”

ಹೇಳಿಬಿಡೋ, ಎಂದು ನಾನು ಮನಸ್ಸಿನಲ್ಲೇ ಕಿರುಚಿದೆ. ಕೆಲಸ ಹಾಳಾಗಿ ಹೋಗಲಿ, ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ, ನನ್ನ ಸಂಬಳದಲ್ಲಿ ಮೂವರೂ ಬದುಕೋಣ. ಅವನು ನನ್ನ ಕಡೆ ನೋಡಿದ. ನನ್ನ ಕೆಲಸಕ್ಕೂ ಈಗ ಕುತ್ತು ಬಂದಿದೆ ಎಂದು ಅವನಿಗೆ ಹೊಳೆದಿರಬೇಕು. ಅವನ ಮುಖ ಮೆಲ್ಲಗೆ ಮುಚ್ಚಿಕೊಂಡಿತು.

“ಬ್ಯಾಟಿನ ದೋಷ ಸರ್.”

“ಆ ಅಂಕ?”

“ಲೆಕ್ಕಕ್ಕಿಲ್ಲ ಸರ್. ಅಕ್ಕ ಪಕ್ಕದಲ್ಲಿ ನಿಂತಿದ್ಲು, ಸರಿಯಾಗಿ ಕಾಣಿಸಿಲ್ಲ.”

“ಹೌದು ಹೌದು, ಪಕ್ಕದಿಂದ ಹಾಗೆ ಕಾಣುತ್ತೆ,” ಎಂದು ಕೋಣೆಯ ತುಂಬ ಗೋಣುಗಳು ಆಡಿದವು. ಸಾಹೇಬರು ಡ್ರಾಯರಿನಿಂದ ತಮ್ಮ ಹಳೆಯ ಬ್ಯಾಟು ತರಿಸಿಕೊಂಡರು. ಸೊನ್ನೆ ಬರೆದು “ಸೈಡ್!” ಎಂದರು. ಚೆಂಡು ನೇರವಾಗಿ ಬಂತು. ತಮ್ಮ ಹಾರಿ, ಹಲ್ಲು ಕಡಿದು, ಎಲ್ಲಿ ಸಿಡಿಯಬೇಕೋ ಅಲ್ಲಿಗೆ ಸಿಡಿಸಿದ. ಕೋಣೆ ಚಪ್ಪಾಳೆಯಿಂದ ತುಂಬಿತು. ನನ್ನ ಗಂಟಲು ಏಳಲಿಲ್ಲ, ಅಂಕವನ್ನು ಸ್ಟೋರ್‌ಕೀಪರು ಕೂಗಿದರು.

ದೋಷವಿದ್ದ ವಸ್ತುವಿಗೆ ನಮ್ಮ ಕಚೇರಿಯಲ್ಲಿ ಒಂದು ಕ್ರಮವಿದೆ. ಸಾಹೇಬರು ಆ ಬ್ಯಾಟನ್ನು ನನ್ನ ಮೇಜಿಗೇ ಕಳಿಸಿದರು. ಅಂಗಡಿಯ ಕಳ್ಳ ತೂಕಕ್ಕೆ ಒತ್ತುವ ಅದೇ ‘ತಿರಸ್ಕೃತ’ ಮುದ್ರೆಯನ್ನು ಅದರ ಹಿಡಿಯ ಮೇಲೆ ಒತ್ತಬೇಕು. ನಾನು ಮುದ್ರೆಯ ಅಚ್ಚು ಇಟ್ಟು, ಸುತ್ತಿಗೆ ಎತ್ತಿ ಎಷ್ಟು ಜೋರಾಗಿ ಬಡಿದೆನೆಂದರೆ ಪಕ್ಕದ ಮೇಜಿನವರು ಎದ್ದು ನಿಂತರು. ಎರಡು ದಿನದಲ್ಲಿ ನನ್ನ ಮೇಜನ್ನು ನೆಲಮಾಳಿಗೆಗೆ ಇಳಿಸಿದರು, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು. ನನ್ನ ಕಣ್ಣಿನ ಬಗ್ಗೆ ಅಷ್ಟು ಕಾಳಜಿ ನನ್ನ ಹೆತ್ತವರಿಗೂ ಇರಲಿಲ್ಲ.

ಆ ವಾರದ ಕೊನೆಯಲ್ಲಿ ತಮ್ಮ ಮೆಟ್ಟಿಲಿಳಿದು ಬಂದ. ಒಂದು ಕೈಯಲ್ಲಿ ಖಾಯಂ ಆದೇಶ, ಇನ್ನೊಂದರಲ್ಲಿ ಆ ಬ್ಯಾಟು.

“ಆಯ್ತು ಅಕ್ಕ,” ಎಂದ. “ಅಮ್ಮಂಗೆ ಫೋನ್ ಮಾಡ್ದೆ, ಅಳ್ತಾ ಇದಾಳೆ.”

“ಆ ಬ್ಯಾಟು?”

“ಸಾಹೇಬರು ನಂಗೇ ಕೊಟ್ರು. ಹೆಂಗೂ ಕೆಟ್ಟಿದ್ದು, ಇಟ್ಕೋ ಅಂದ್ರು.”

ನನಗೆ ತಡೆಯಲಾಗದೆ ನಗು ಬಂತು, ಅವನಿಗೂ ಬಂತು. ತಿರಸ್ಕೃತ ತಕ್ಕಡಿಗಳ ರಾಶಿಯ ನಡುವೆ ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ನಕ್ಕು ಮುಗಿದ ಮೇಲೆ ಅವನು ಬ್ಯಾಟಿನ ರಬ್ಬರನ್ನು ಅಂಗೈಯಿಂದ ಮೆಲ್ಲಗೆ ಸವರುತ್ತ ನಿಂತ.

“ಇನ್ನೇನು ಹೆದ್ರಿಕೆ ನಿಂಗೆ? ಖಾಯಂ ಆಯ್ತಲ್ಲ,” ಎಂದೆ. “ನಡಿ, ಇವತ್ತೇ ಸಂಜೆ ಕ್ಲಬ್ಬಿಗೆ ಹೋಗು. ನಾನೂ ಬರ್ತೀನಿ, ಅಂಕ ಕೂಗ್ತೀನಿ. ಒಂದು ಸಲ ಸರಿಯಾಗಿ ಆಡೋ.”

ಅವನು ಬ್ಯಾಟನ್ನು ನನ್ನ ಮೇಜಿನ ಡ್ರಾಯರಿನೊಳಗಿಟ್ಟು ಮುಚ್ಚಿದ.

“ಬೇಡ ಅಕ್ಕ,” ಎಂದ. “ನಾಳೆ ಸಾಹೇಬರ ಜೊತೆ ಆಟ ಇದೆ. ಇವತ್ತು ಸರಿಯಾಗಿ ಆಡಿದ್ರೆ ನಾಳೆ ತಪ್ಪಿಸೋಕೆ ಕೈ ಬರಲ್ಲ.”